ಮಾರುಕಟ್ಟೆಯ ದಾರಿ ಕೇಳಿದ ವಲಸಿಗ

(ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹಿಜ್ರತ್‌ನ ಪ್ರಸ್ತಾಪ ಬಂದಾಗಲೆಲ್ಲ ನಾವು ಅನ್ಸಾರ್‌ಗಳ ಔದಾರ್ಯವನ್ನು ಕೊಂಡಾಡುತ್ತೇವೆ. ಆ ಔದಾರ್ಯವು ಹೇಗೆ ಕಾರ್ಯರೂಪಕ್ಕೆ ಬಂತೆಂಬುದನ್ನು ವಿವರಿಸುವವರು ಕಡಿಮೆ. ಕ್ರಿ.ಶ. 622ರಲ್ಲಿ ಮಕ್ಕಾ ತೊರೆದು ಬಂದವರಲ್ಲಿ ಹೆಚ್ಚಿನವರು ವ್ಯಾಪಾರಿಗಳು. ಮದೀನಾದಲ್ಲಿ ಅವರನ್ನು ಬರಮಾಡಿಕೊಂಡವರು ಖರ್ಜೂರದ ಕೃಷಿಕರು. ಕಸುಬೂ ಬೇರೆ, ಹವೆಯೂ ಬೇರೆ. ಹಝ್ರತ್ ಅಬೂಬಕರ್(ರ), ಹಝ್ರತ್ ಬಿಲಾಲ್(ರ)ರಂತಹವರೇ ಹೊಸ ಊರಿನ ಜ್ವರಕ್ಕೆ ಹಾಸಿಗೆ ಹಿಡಿದರು.

ಪ್ರವಾದಿವರ್ಯರು(ಸ) ವಲಸಿಗರನ್ನು ಸ್ಥಳೀಯರೊಂದಿಗೆ ಜೋಡಿ ಜೋಡಿಯಾಗಿ ಸಹೋದರರನ್ನಾಗಿ ಮಾಡಿದರು. ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ಮುಂದಿಟ್ಟಾಗ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಕೇಳಿದ್ದು ಮಾರುಕಟ್ಟೆಯ ದಾರಿಯನ್ನು. ಕೈನುಕಾದ ಸಂತೆಯಲ್ಲಿ ತುಪ್ಪ, ಒಣಗಿಸಿದ ಮೊಸರಿನ ಗಟ್ಟಿಯ ವ್ಯಾಪಾರದಿಂದ ಅವರು ಬದುಕು ಕಟ್ಟಿಕೊಂಡರು. ತೋಟಗಳನ್ನೇ ಹಂಚಿಬಿಡಲು ಅನ್ಸಾರ್‌ಗಳು ಮುಂದಾದಾಗ ಪ್ರವಾದಿವರ್ಯರು(ಸ) ಒಪ್ಪಲಿಲ್ಲ. ವಲಸಿಗರು ತೋಟದಲ್ಲಿ ದುಡಿದು ಫಸಲಿನಲ್ಲಿ ಪಾಲು ಪಡೆದರು. ಉಪಯೋಗಕ್ಕೆಂದು ಪಡೆದಿದ್ದ ಖರ್ಜೂರದ ಮರಗಳನ್ನು ಖೈಬರ್‌ನ ಬಳಿಕ ಮಾಲಕರಿಗೆ ಹಿಂದಿರುಗಿಸಿದರು ಕೂಡ.

ಇಂದು ಬಂಗಾಳ, ಬಿಹಾರ, ಒಡಿಶಾ, ಅಸ್ಸಾಮ್‌ಗಳಿಂದ ನಮ್ಮ ಪಟ್ಟಣಗಳಿಗೆ ಬರುವವರೂ ದಾನ ಕೇಳಲು ಬಂದವರಲ್ಲ. ಗಾರೆ ಕೆಲಸ, ಹೋಟೆಲು, ಮೀನಿನ ಬಂದರು, ಕಾಫಿ ತೋಟ ಎಲ್ಲೆಡೆಯೂ ಅವರ ಬೆವರಿದೆ. ಮನೆ ಕಟ್ಟಲು ಅವರು ಬೇಕು. ಕಟ್ಟಿದ ಮನೆಯನ್ನು ಬಾಡಿಗೆಗೆ ಕೇಳಿದರೆ ಮಾತ್ರ ನಮ್ಮ ಮುಖ ಸಿಂಡರಿಸುತ್ತದೆ. ಬಂಗಾಳಿ ಮಾತನಾಡಿದನೆಂದರೆ ಸಾಕು, ಅವನು 'ಬಾಂಗ್ಲಾದವನು'! ಅಸ್ಸಾಮಿನ ಬರಾಕ್ ಕಣಿವೆಯಲ್ಲೂ ತ್ರಿಪುರಾದಲ್ಲೂ ಅದೇ ಭಾಷೆಯಿದೆಯೆಂಬುದನ್ನು ಯೋಚಿಸುವಷ್ಟು ತಾಳ್ಮೆಯೂ ನಮಗಿಲ್ಲ. ಸ್ವತಃ ಸಂಶಯದ ದೃಷ್ಟಿಗೆ ಗುರಿಯಾಗಿರುವ ಸಮುದಾಯವೊಂದು ಇಂತಹ ಮಾತನ್ನು ಆಡುವುದು ವಿಪರ್ಯಾಸ. ನಮ್ಮ ಕರಾವಳಿಯ ಯುವಕರು 1970ರ ದಶಕದಿಂದ ಗಲ್ಫ್‌ಗೆ ಹೋದಾಗ, ಮೊದಲೇ ಹೋದ ಊರಿನವರ ಒಂದು ರೂಮು, ಒಂದು ಚಾಪೆ ಎಷ್ಟು ಕುಟುಂಬಗಳನ್ನು ದಡ ಸೇರಿಸಿತೆಂಬುದನ್ನು ಈ ಸಭೆಗೆ ಹೇಳಬೇಕಾಗಿಲ್ಲ.

2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಅವರನ್ನು ಹೆದರಿಸಲು ಬಳಸಿದ್ದು ನಮ್ಮ ಸಮುದಾಯದ ಹೆಸರನ್ನು. ಸರಕಾರ ಸಾಮೂಹಿಕ ಎಸ್ಸೆಮ್ಮೆಸ್‌ಗಳಿಗೆ ಕಡಿವಾಣ ಹಾಕಿತು. ಸಾಲದು. ಅವರಿಗೆ ನಮ್ಮಲ್ಲಿ ಹೆಸರು ಹಿಡಿದು ಕರೆಯಬಲ್ಲ ಒಬ್ಬ ನೆರೆಯವನಿದ್ದಿದ್ದರೆ ಆ ಸುಳ್ಳು ಅಷ್ಟು ಬೇಗ ನಂಬಿಕೆ ಗಳಿಸುತ್ತಿತ್ತೇ? ಇನ್ನು 2020ರ ಮೇ ತಿಂಗಳಲ್ಲಿ, ಕಟ್ಟಡ ನಿರ್ಮಾಣಗಾರರೊಂದಿಗೆ ಸಭೆ ನಡೆದ ಬೆನ್ನಿಗೇ ರಾಜ್ಯ ಸರಕಾರವು ಕಾರ್ಮಿಕರ ರೈಲುಗಳನ್ನು ರದ್ದುಪಡಿಸಿ, ಟೀಕೆಯ ಬಳಿಕ ಮತ್ತೆ ಒಪ್ಪಿದ್ದು ನಿಮಗೆ ನೆನಪಿರಬಹುದು. ದುಡಿಮೆ ಬೇಕು, ದುಡಿಯುವವನ ಇಚ್ಛೆ ಬೇಡ!

ನಾವು ಮಾಡಬಹುದಾದ ಕೆಲಸಕ್ಕೆ ದೊಡ್ಡ ನಿಧಿಯೇನೂ ಬೇಕಿಲ್ಲ. ಬಿಹಾರದ ಪಡಿತರ ಚೀಟಿಯಿದ್ದವರು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ತಮ್ಮ ಪಾಲಿನ ಧಾನ್ಯ ಪಡೆಯಬಹುದು. ಅದನ್ನು ಅವರಿಗೆ ಅವರ ಭಾಷೆಯಲ್ಲಿ ತಿಳಿಸಬೇಕು. ನಮ್ಮ ಮದ್ರಸಾಗಳಲ್ಲಿ ಉರ್ದು ಕಲಿತವರು ಇದಕ್ಕಲ್ಲದೆ ಇನ್ನಾವುದಕ್ಕೆ? ವರ್ಗಾವಣೆ ಪತ್ರ ತಡವಾಯಿತೆಂದೋ ವಯಸ್ಸಿನ ದಾಖಲೆಯಿಲ್ಲವೆಂದೋ ಶಾಲೆಯ ಪ್ರವೇಶವನ್ನು ನಿರಾಕರಿಸುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಕಟ್ಟಡದ ಶೆಡ್ಡಿನಲ್ಲಿ ತಮ್ಮನನ್ನು ನೋಡಿಕೊಂಡು ಕೂರುವ ಹುಡುಗಿಯ ತಾಯಿಗೆ ಕನ್ನಡ ಬಾರದು, ಮುಖ್ಯೋಪಾಧ್ಯಾಯರೊಂದಿಗೆ ಮಾತನಾಡಲು ಅಂಜಿಕೆ. ಈ ಸಭೆಯಲ್ಲಿರುವ ಸಹೋದರಿಯರಲ್ಲಿ ಒಬ್ಬರು ಅವಳೊಂದಿಗೆ ಅರ್ಧ ದಿನ ಹೋದರೆ ಆ ಕೆಲಸ ಆಗುತ್ತದೆ. ಹೋಗುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಯವರಲ್ಲಿ ಹೆಸರು ಬರೆಸಬೇಕೆಂದು ವಿನಂತಿ.