ಪಂಚದಿಂದ ಪಂಚ್, ಪಂಚ್‌ನಿಂದ ವಿಸ್ಕಿ ಸವರ್
(ಕಾಮಸಮುದ್ರದಲ್ಲಿ ಓದುಗರ ಮುಂದೆ ನಮ್ಮ ವರದಿಗಾರರು ಆಡಿದ ಮಾತು)



ವಿಸ್ಕಿ ಎಂದ ಕೂಡಲೇ ಕೆಲವು ಹಿರಿಯರ ಹುಬ್ಬು ಮೇಲೇರಿತು. ಕುಡಿಯಿರಿ ಎನ್ನಲು ನಾನು ಬಂದಿಲ್ಲ. ಕುಡಿಯುವವರ ಲೋಟದಲ್ಲಿ ಏನಿದೆ, ಎಷ್ಟಿದೆ ಎಂಬುದಷ್ಟೇ ನನ್ನ ವಿಷಯ.

ನಿಮ್ಮೂರಿನಿಂದ ರೈಲು ಹತ್ತಿದರೆ ಬಂಗಾರಪೇಟೆ, ಅಲ್ಲಿಂದ ಕೆ.ಜಿ.ಎಫ್. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕಾಲಿಟ್ಟಿತು, 1885ರಲ್ಲಿ ಕ್ಲಬ್ ಆಯಿತು. ವಿಸ್ಕಿ ದೊರೆಗಳ ಜತೆ ಬಂದದ್ದು ಅನ್ನುತ್ತೇವೆ. ವಿಸ್ಕಿಯ ಮಟ್ಟಿಗೆ ಅದು ಸರಿ. ಆದರೆ ಮದ್ಯಕ್ಕೆ ನಿಂಬೆಹುಳಿ, ಸಕ್ಕರೆ ಬೆರೆಸುವ ರೂಢಿಯನ್ನು ಇಂಗ್ಲಿಷರು ಕಲಿತದ್ದು ಈ ಕಡೆಯ ವ್ಯಾಪಾರದಲ್ಲಿ. ಈಸ್ಟ್ ಇಂಡಿಯಾ ಕಂಪನಿಯವನೊಬ್ಬ 1632ರಲ್ಲಿ ಬರೆದ ಕಾಗದದಲ್ಲೇ 'ಪಂಚ್' ಎಂಬ ಪಾನೀಯದ ಹೆಸರಿದೆ. ಮದ್ಯ, ಸಕ್ಕರೆ, ನಿಂಬೆ, ನೀರು, ಮಸಾಲೆ: ಐದು ಸೇರಿದ್ದರಿಂದ ನಮ್ಮ 'ಪಂಚ'ವೇ ಪಂಚ್ ಆಯಿತೆಂದು ಹೆಚ್ಚಿನವರ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಬೋಗುಣಿಯ ಆ ಪಂಚ್ ಅಮೆರಿಕದಲ್ಲಿ ಒಂದು ಲೋಟಕ್ಕೆ ಇಳಿದಾಗ ಹುಟ್ಟಿದ್ದು 'ಸವರ್', ಅಂದರೆ ಹುಳಿ.

ಮಾಡುವುದು ಪಾನಕದಷ್ಟೇ ಸುಲಭ. ವಿಸ್ಕಿ 60 ಮಿ.ಲೀ., ನಿಂಬೆರಸ 30, ಸಕ್ಕರೆ ನೀರು 20. ಸಕ್ಕರೆ, ನೀರು ಸಮಸಮ ಕರಗಿಸಿ ಆರಿಸಿಟ್ಟುಕೊಳ್ಳಿ. ಅಳತೆಗೆ ಕೆಮ್ಮಿನ ಔಷಧದ ಗೆರೆ ಹಾಕಿದ ಮುಚ್ಚಳ ಸಾಕು, ಚೆನ್ನಾಗಿ ತೊಳೆದಿರಬೇಕು ಅಷ್ಟೆ. ನಿಂಬೆಯನ್ನು ಆಗಲೇ ಹಿಂಡಬೇಕು; ಬೆಳಿಗ್ಗೆ ಹಿಂಡಿಟ್ಟ ರಸ ಸಂಜೆಗೆ ಕಹಿಯಾಗುತ್ತದೆ. ಎಲ್ಲವನ್ನೂ ಐಸ್ ಜತೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿ ಕೈ ಕೊರೆಯುವವರೆಗೆ ಕುಲುಕಿ, ಚಹಾ ಜರಡಿಯಲ್ಲಿ ಸೋಸಿ. ಐಸ್ ಕರಗಿದ ನೀರೂ ಇದರ ಒಂದು ಪಾಲೇ, ಬಿಡುವಂತಿಲ್ಲ.

ನಮ್ಮ ಅಗ್ಗದ ವಿಸ್ಕಿಯ ಬಹುಪಾಲು ಕಾಕಂಬಿಯ ಸ್ಪಿರಿಟ್. ಯುರೋಪಿನ ಕಾನೂನು ಅದನ್ನು ವಿಸ್ಕಿ ಎಂದು ಒಪ್ಪುವುದಿಲ್ಲ. ಅಲ್ಲಿ ಧಾನ್ಯದ್ದೇ ಆಗಬೇಕು. ಬೆಂಗಳೂರಿನ ಅಮೃತ್ ಕಂಪನಿ ಬಾರ್ಲಿಯ ಸಿಂಗಲ್ ಮಾಲ್ಟನ್ನು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿದ್ದು ಈ ಹಿನ್ನೆಲೆಯಲ್ಲಿ ದೊಡ್ಡ ಧೈರ್ಯ. ಒರಟು ಮದ್ಯದ ಘಾಟನ್ನು ಹುಳಿ-ಸಿಹಿ ಮುಚ್ಚುತ್ತದೆ. ಅಪಾಯವೂ ಅಲ್ಲೇ ಇದೆ. ಬರೀ ಪೆಗ್ ಗಂಟಲು ಸುಟ್ಟು ಎಚ್ಚರಿಸುತ್ತದೆ, ಇದು ಶರಬತ್ತಿನಂತೆ ಇಳಿಯುತ್ತದೆ. ಶೇ. 42.8ರ ವಿಸ್ಕಿಯಾದರೆ ಈ ಒಂದು ಲೋಟದಲ್ಲಿ ಸುಮಾರು 26 ಮಿ.ಲೀ. ಶುದ್ಧ ಆಲ್ಕೋಹಾಲು, ಶೇ. 5ರ 330 ಮಿ.ಲೀ. ಬಿಯರಿನಲ್ಲಿ ಇರುವುದು ಹದಿನಾರೂವರೆ. ಮೂರು ಲೋಟಕ್ಕೆ ಒಂದು ಕ್ವಾರ್ಟರ್ ಖಾಲಿ, ನಾಲಿಗೆಗೆ ಸುಳಿವೇ ಸಿಕ್ಕಿರುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು. ಹುಬ್ಬೇರಿಸಿದವರು ಮೊದಲು ಕೇಳಬಹುದು.