ಅಂಗಳ ಕೊಟ್ಟವರು ಯಾರ ಹಂಗಿನಲ್ಲಿದ್ದಾರೆ?

(ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಾಮಾಜಿಕ ಚಳವಳಿ, ನಾಗರಿಕ ಸಮಾಜ, ಪ್ರತಿರೋಧ, ಇವುಗಳ ಬಗ್ಗೆ ವಿದ್ವಾಂಸರು ಏನು ಹೇಳುತ್ತಾರೆ ಎಂಬುದನ್ನು ತಿಳಿಸಬೇಕೆಂದು ಸಂಘಟಕರು ಕೇಳಿದ್ದಾರೆ. ವಿಷಯದ ಹೆಸರೇ ಭಾರವಾಗಿದೆ. ನಾನದನ್ನು ಒಂದು ಪ್ರಶ್ನೆಗೆ ಇಳಿಸಿಕೊಂಡಿದ್ದೇನೆ. ಅನ್ಯಾಯದ ವಿರುದ್ಧ ಜನ ಎದ್ದಾಗ ಅವರಿಗೆ ಕೂಡ್ರಲು ಅಂಗಳ ಕೊಡುವವರು ಯಾರು? ಆ ಅಂಗಳದ ಒಡೆಯರು ಯಾರ ಹಂಗಿನಲ್ಲಿದ್ದಾರೆ?

ಬಹಳ ಕಾಲದವರೆಗೆ ಪಶ್ಚಿಮದ ವಿದ್ವಾಂಸರು ಚಳವಳಿಯನ್ನು ಗುಂಪಿನ ಉದ್ರೇಕವೆಂದೇ ನೋಡಿದರು. ಸಂಕಟ ಹೆಚ್ಚಾಯಿತು, ಜನ ಸಿಟ್ಟಿಗೆದ್ದರು ಎಂಬ ವಿವರಣೆ ಅವರಿಗೆ ಸಾಕಾಗಿತ್ತು. 1977ರಲ್ಲಿ ಜಾನ್ ಮೆಕಾರ್ಥಿ ಮತ್ತು ಮೇಯರ್ ಝಾಲ್ಡ್ ಎಂಬ ಇಬ್ಬರು ಅಮೆರಿಕನ್ ಸಮಾಜಶಾಸ್ತ್ರಜ್ಞರು ಇದನ್ನು ತಿರುಗಿಸಿ ಕೇಳಿದರು. ಸಂಕಟ ಯಾವ ಕಾಲಕ್ಕೂ ಇದ್ದೇ ಇರುತ್ತದೆ, ಆದರೆ ಚಳವಳಿ ಕೆಲವೊಮ್ಮೆ ಮಾತ್ರ ಹುಟ್ಟುವುದೇಕೆ? ದುಡ್ಡು, ಸಮಯ, ದುಡಿಯುವ ಕೈ, ಸೇರುವ ಜಾಗ, ಇವು ಕೂಡಿಬಂದಾಗ ಹುಟ್ಟುತ್ತದೆ ಎಂಬುದು ಅವರ ಉತ್ತರ. ಒಳ್ಳೆಯ ಮಾತೇ. ಆದರೆ ಆ ದುಡ್ಡು, ಬಲ ಹೆಚ್ಚಾಗಿ ಹೊರಗಿನ ಉಳ್ಳವರಿಂದ ಬರುತ್ತದೆ ಎಂಬ ಎಣಿಕೆ ಅದರೊಳಗೆ ಸೇರಿಕೊಂಡಿತ್ತು.

ಅದನ್ನು ಒಪ್ಪದವರು ಆಲ್ಡನ್ ಮಾರಿಸ್. ಸ್ವತಃ ಕಪ್ಪು ಜನಾಂಗದ ಸಮಾಜಶಾಸ್ತ್ರಜ್ಞರು. ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿ ನಡೆಸಿದವರನ್ನೇ ಹುಡುಕಿಕೊಂಡು ಹೋಗಿ ಮಾತನಾಡಿಸಿ 1984ರಲ್ಲಿ ಒಂದು ಗ್ರಂಥ ಬರೆದರು. ಅವರು ತೋರಿಸಿದ್ದು ಇಷ್ಟು: ಆ ಚಳವಳಿಯ ಬೆನ್ನೆಲುಬು ಕಪ್ಪು ಜನರ ಸ್ವಂತ ಚರ್ಚುಗಳು. ಮಠಗಳ ನೆರಳಿನಲ್ಲಿ ಬೆಳೆದ ನಮಗೆ ಈ ಮಾತು ಬೇಗ ತಿಳಿಯುತ್ತದೆ, ಅದಕ್ಕೇ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಲಬಾಮಾ ರಾಜ್ಯದ ಮಾಂಟ್ಗೊಮರಿ ಪಟ್ಟಣ. 1955ರ ಡಿಸೆಂಬರ್ 1ರ ಸಂಜೆ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲಿಲ್ಲ, ಬಂಧನವಾಯಿತು. ದಣಿದಿದ್ದಳು, ಅದಕ್ಕೇ ಏಳಲಿಲ್ಲ ಎಂದು ನಮ್ಮ ಪಾಠದ ಪುಸ್ತಕಗಳೂ ಕತೆ ಹೇಳುತ್ತವೆ. ಆಕೆ ಅಷ್ಟರಲ್ಲಾಗಲೇ ಹನ್ನೆರಡು ವರ್ಷದಿಂದ ಕಪ್ಪು ಜನರ ಹಕ್ಕಿನ ಸಂಘಟನೆಯ ಸ್ಥಳೀಯ ಶಾಖೆಯಲ್ಲಿ ದುಡಿದವರು. ನಾಲ್ಕು ದಿನಕ್ಕೆ ಬಸ್ ಬಹಿಷ್ಕಾರ ಶುರುವಾಯಿತು, 381 ದಿನ ನಡೆಯಿತು. ಮನೆಗೆಲಸದ ಹೆಣ್ಣುಮಕ್ಕಳು ಮೈಲಿಗಟ್ಟಲೆ ನಡೆದರು. ಮೊದಲ ದಿನ ಸಂಜೆ ಸಾವಿರಾರು ಜನ ಸೇರಿದ್ದು ಒಂದು ಚರ್ಚಿನಲ್ಲಿ. ಆಮೇಲೆ ಬಹಿರಂಗ ಸಭೆಗಳು ಒಂದು ಚರ್ಚಿನಿಂದ ಇನ್ನೊಂದಕ್ಕೆ ತಿರುಗಿದವು. ಜನರನ್ನು ಕೆಲಸಕ್ಕೆ ಒಯ್ಯುವ ಗಾಡಿಗಳು ನೋಂದಣಿಯಾದದ್ದೂ ಚರ್ಚುಗಳ ಹೆಸರಿನಲ್ಲೇ.

ಚರ್ಚೇ ಯಾಕೆ? ಶಾಲಾ ಮಾಸ್ತರರನ್ನು ಸರ್ಕಾರ ಕೆಲಸದಿಂದ ತೆಗೆಯಬಹುದಿತ್ತು. ಅಡಿಗೆಯವಳನ್ನು ಒಡತಿ ತೆಗೆಯಬಹುದಿತ್ತು. ಪಾದ್ರಿಯನ್ನು ಆರಿಸಿದವರೂ ಸಂಬಳ ಕೊಡುವವರೂ ಅವನ ಮುಂದೆ ಕುಳಿತ ಬಡ ಭಕ್ತರೇ. ಇಪ್ಪತ್ತಾರು ವಯಸ್ಸಿನ ಮಾರ್ಟಿನ್ ಲೂಥರ್ ಕಿಂಗ್ ಅವರ ವಾಗ್ಮಿತೆಯನ್ನು ನಾವೆಲ್ಲ ಹೊಗಳುತ್ತೇವೆ. ಅವರ ಊಟ ಬಿಳಿಯರ ಕೈಯಲ್ಲಿರಲಿಲ್ಲ ಎಂಬುದನ್ನು ಮಾರಿಸ್ ಎತ್ತಿ ಹೇಳಿದರು. ಹಾಗೆಂದು ಎಲ್ಲ ಪಾದ್ರಿಗಳೂ ಬಂದರೆಂದಲ್ಲ. ಆ ನಾಡಿನ ಎಷ್ಟೋ ಚರ್ಚುಗಳು ಬಾಗಿಲು ತೆರೆಯಲೇ ಇಲ್ಲ.

ಇದರ ಇನ್ನೊಂದು ಮಗ್ಗುಲನ್ನು ಇಬ್ಬರು ಹೆಂಗಸರಲ್ಲಿ ಕಾಣಬಹುದು. ಜೋ ಆನ್ ರಾಬಿನ್ಸನ್ ಎಂಬಾಕೆ ಸರ್ಕಾರಿ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕಿ. ಪಾರ್ಕ್ಸ್ ಬಂಧನವಾದ ರಾತ್ರಿಯೇ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಸಾವಿರಾರು ಕರಪತ್ರ ತೆಗೆದು ಬೆಳಗಾಗುವುದರೊಳಗೆ ಹಂಚಲು ಅಣಿಮಾಡಿದರು. ಕರೆ ಕೊಟ್ಟವರು ಅವರು, ಆದರೆ ಮುಂದೆ ಬಂದ ಹೆಸರುಗಳು ಹೆಚ್ಚಾಗಿ ಪಾದ್ರಿಗಳವು. ಕಾಲೇಜಿಗೆ ಸರ್ಕಾರದ ಹಣ ಬರುತ್ತಿತ್ತಾದ್ದರಿಂದ ಆಕೆ ಮರೆಯಲ್ಲೇ ಉಳಿಯಬೇಕಾಯಿತು. ಜಾರ್ಜಿಯಾ ಗಿಲ್ಮೋರ್ ಅಡಿಗೆಯವರು. ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದಕ್ಕೆ ಕೆಲಸ ಹೋಯಿತು. ಮನೆಯಲ್ಲೇ ಅಡಿಗೆ ಮಾಡಿ ಮಾರಿ, ಬೇರೆ ಹೆಂಗಸರನ್ನೂ ಕೂಡಿಸಿಕೊಂಡು, ಬಂದ ದುಡ್ಡನ್ನು ಚಳವಳಿಗೆ ಕೊಟ್ಟರು. ಕೊಟ್ಟವರ ಹೆಸರು ಹೊರಬಿದ್ದರೆ ಅವರ ಕೂಲಿಗೂ ಕುತ್ತು. ಅದಕ್ಕೇ ತಮ್ಮ ಗುಂಪಿಗೆ ಅವರು ಇಟ್ಟ ಹೆಸರಿನ ಅರ್ಥ 'ಎಲ್ಲಿಯವರೂ ಅಲ್ಲದವರ ಸಂಘ'. ನಮ್ಮ ದಾಸೋಹದ ಮನೆಗಳಲ್ಲಿ ರೊಟ್ಟಿ ಬಡಿಯುವ ತಾಯಂದಿರಿಗೆ ಈ ಹೆಣ್ಣುಮಗಳ ಹೆಸರು ತಿಳಿದಿರಬೇಕೆಂದು ನನಗೆ ಅನ್ನಿಸುತ್ತದೆ.

ಈಗ ನಮ್ಮ ಕಡೆಗೆ ಬರೋಣ. ನಾಗರಿಕ ಸಮಾಜವೆಂದರೆ ಮನೆಗೂ ಸರ್ಕಾರಕ್ಕೂ ನಡುವೆ ಜನ ತಾವಾಗಿ ಕಟ್ಟಿಕೊಂಡ ಸಂಘ ಸಂಸ್ಥೆಗಳು. ಮಠ ಅದರೊಳಗೆ ಬರುತ್ತದೆಯೇ? ಬರುವುದಿಲ್ಲ ಎನ್ನುವ ವಿದ್ವಾಂಸರಿದ್ದಾರೆ. ಹುಟ್ಟಿನಿಂದ ಬರುವ ಗುಂಪು ಎಲ್ಲರಿಗೂ ತೆರೆದ ಸಂಘವಾಗಲಾರದು ಎಂಬುದು ಅವರ ವಾದ. ಈ ಮಾತಿಗೆ ನಾವು ಸಿಟ್ಟಾಗಬೇಕಿಲ್ಲ. ಉತ್ತರ ಮಠದ ನಡತೆಯಲ್ಲಿರಬೇಕು.

ಗದಗ ಜಿಲ್ಲೆಯಲ್ಲಿ ಅಂಥ ಉತ್ತರವೊಂದು ಸಿಕ್ಕಿತು. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತಿನ ಹೊಲಗಳಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆ ತರಲು ಸರ್ಕಾರ ಹೊರಟಾಗ ತೋಂಟದಾರ್ಯ ಮಠದ ಲಿಂಗೈಕ್ಯ ಸಿದ್ಧಲಿಂಗ ಮಹಾಸ್ವಾಮಿಗಳು ರೈತರ ಜೊತೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಆಗ ಮುಖ್ಯಮಂತ್ರಿಗಳು ಲಿಂಗಾಯತರೇ ಆಗಿದ್ದರು ಎಂಬುದನ್ನು ನೆನಪಿಡಿ. ಮುಂದೆ ಕಪ್ಪತಗುಡ್ಡಕ್ಕೆ ಕೊಟ್ಟಿದ್ದ ಸಂರಕ್ಷಿತ ಪ್ರದೇಶದ ಸ್ಥಾನಮಾನವನ್ನು ಸರ್ಕಾರ ಹಿಂತೆಗೆದುಕೊಂಡಿತು. ಆಗಲೂ ಮಠ, ಪರಿಸರದ ಕಾರ್ಯಕರ್ತರು, ಊರ ಜನ ಒಟ್ಟಿಗೆ ನಿಂತರು. 2017ರಲ್ಲಿ ಆ ಸ್ಥಾನಮಾನ ಮರಳಿ ಬಂತು, 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಪೂಜ್ಯರು ಇರಲಿಲ್ಲ, 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾಗಿದ್ದರು.

ಮಾರಿಸ್ ಅವರ ಪ್ರಶ್ನೆಯನ್ನು ಇಲ್ಲಿ ಕೇಳಲೇಬೇಕು. ನಮ್ಮ ಎಷ್ಟು ಮಠಗಳು ಇಂದು ಹೀಗೆ ನಿಲ್ಲಬಲ್ಲವು? ಒಂದು ಕಾಲಕ್ಕೆ ನಮ್ಮ ಪ್ರಸಾದ ನಿಲಯಗಳು ನಡೆದದ್ದು ಭಕ್ತರ ಹೊಲದ ಜೋಳದ ಮೇಲೆ, ಸ್ವಾಮಿಗಳು ಹಿಡಿದ ಜೋಳಿಗೆಯ ಮೇಲೆ. ಇಂದು ಹಲವು ಮಠಗಳಿಗೆ ಕಾಲೇಜುಗಳಿವೆ. ಕಾಲೇಜಿಗೆ ಮಾನ್ಯತೆ ಬೇಕು, ಅನುದಾನ ಬೇಕು, ಜಮೀನು ಬೇಕು. ರಾಜ್ಯದ ಬಜೆಟ್ಟಿನಲ್ಲೇ ಮಠಗಳಿಗೆ ಹಣ ತೆಗೆದಿಡುವ ರೂಢಿ ಬಂದಿದೆ. ಆ ಹಣದಿಂದ ಬಡ ಮಕ್ಕಳು ಓದಿದರೆ ನನಗೇನೂ ತಕರಾರಿಲ್ಲ. ಆದರೆ ನಾಳೆ ನಮ್ಮ ಊರಿನ ಗೋಮಾಳಕ್ಕೋ ಕೆರೆಗೋ ಕುತ್ತು ಬಂದಾಗ, ಸಹಿಗಾಗಿ ವಿಧಾನಸೌಧದಲ್ಲಿ ಕಾದು ಕೂತ ಕಡತವೊಂದು ಮಠದ ಬಾಯಿ ಕಟ್ಟಬಹುದು. ಪ್ರತಿ ಮಠದ ಆಡಳಿತ ಮಂಡಳಿ ವರ್ಷಕ್ಕೊಮ್ಮೆ ಭಕ್ತರ ಮುಂದೆ ಲೆಕ್ಕ ಓದಲಿ. ಇದರಲ್ಲಿ ಸರ್ಕಾರದ್ದೆಷ್ಟು, ಭಕ್ತರದ್ದೆಷ್ಟು ಎಂದು ಬೇರೆ ಬೇರೆ ಹೇಳಲಿ. ಇದನ್ನು ಕೇಳುವುದು ಗುರುನಿಂದೆಯಲ್ಲ.

ಇನ್ನೊಂದು ಮಾತು ಬೇಗ ಹೇಳಿ ಮುಗಿಸುತ್ತೇನೆ, ಪ್ರಸಾದದ ಹೊತ್ತಾಗಿದೆ. ಭೂಮಿ ಉಳಿಸುವ ಚಳವಳಿ ಎಂದಾಗ ಪಹಣಿಯಲ್ಲಿ ಹೆಸರಿದ್ದವರ ಮುಖವೇ ಮೊದಲು ಕಾಣುತ್ತದೆ. ಅದೇ ಹೊಲದಲ್ಲಿ ಕಳೆ ತೆಗೆಯುವ ಕೂಲಿಯ ಹೆಣ್ಣುಮಗಳ ಹೆಸರು ಪಹಣಿಯಲ್ಲಿಲ್ಲ, ಪರಿಹಾರದ ಪಟ್ಟಿಯಲ್ಲೂ ಇರುವುದಿಲ್ಲ. ಆಕೆ ದಲಿತ ಕೇರಿಯವಳಾದರೆ, ಮಠದ ಅಂಗಳದ ಸಭೆಯಲ್ಲಿ ಆಕೆ ಎಲ್ಲಿ ಕೂಡ್ರುತ್ತಾಳೆ, ಮೈಕು ಆಕೆಯ ಕೈಗೆ ಬರುತ್ತದೆಯೇ? ಮಠ ಎಲ್ಲರಿಗೂ ತೆರೆದ ಜಾಗ ಹೌದೋ ಅಲ್ಲವೋ ಎಂಬ ವಾದ ನಡೆಯುವುದು ಇಲ್ಲೇ.

ಹಳ್ಳಿಗುಡಿಯ, ಕಪ್ಪತಗುಡ್ಡದ ಧರಣಿಗಳಲ್ಲಿ ಕೂತವರು ಇನ್ನೂ ನಮ್ಮ ನಡುವೆ ಇದ್ದಾರೆ. ಯುವಕರು ಒಂದು ನೋಟ್‌ಬುಕ್ಕು ಹಿಡಿದು ಅವರ ಮನೆಗಳಿಗೆ ಹೋಗಿ. ಭಾಷಣ ಮಾಡಿದವರ ಹೆಸರು ಪತ್ರಿಕೆಗಳಲ್ಲಿ ಬಂದಿದೆ. ಬುತ್ತಿ ಕಟ್ಟಿಕೊಟ್ಟವರು ಯಾರು, ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸಿದವರು ಯಾರು, ಕೂಲಿ ಬಿಟ್ಟು ಬಂದವರ ಮನೆಯಲ್ಲಿ ಆ ದಿನ ಒಲೆ ಹೇಗೆ ಹೊತ್ತಿತು, ಇವನ್ನು ಮೊದಲು ಕೇಳಿ ಬರೆದುಕೊಳ್ಳಿ.