ಕಿಂಡಿಯಾಚೆಯ ದೀಪಗಳು

ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟಿದಾಗ ಅದು ನಮಗೆ ಕಾಣುತ್ತದೆ ಎಂದು ಯೂಕ್ಲಿಡ್, ಟಾಲೆಮಿಯಂಥ ಘಟಾನುಘಟಿಗಳೇ ನಂಬಿದ್ದರು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ವಿದ್ವಾಂಸ ಇಬ್ನ್ ಅಲ್-ಹೈಥಮ್ ಒಪ್ಪಲಿಲ್ಲ. ಹಾಗಾದರೆ ಸೂರ್ಯನನ್ನು ದಿಟ್ಟಿಸಿದರೆ ಕಣ್ಣೇಕೆ ನೋಯಬೇಕು? ಬೆಳಕು ಹೊರಗಿನಿಂದ ಕಣ್ಣಿಗೆ ಬರುತ್ತದೆ ಎಂದ.

ವಾದಕ್ಕೇ ನಿಲ್ಲಲಿಲ್ಲ, ನನಗೆ ಹಿಡಿಸುವುದು ಅದೇ. ಕತ್ತಲ ಕೋಣೆಗೊಂದು ಸಣ್ಣ ಕಿಂಡಿ, ಹೊರಗೆ ಹಲವು ದೀಪ. ಒಳಗೋಡೆಯ ಮೇಲೆ ಪ್ರತಿ ದೀಪಕ್ಕೂ ಒಂದೊಂದು ಬೆಳಕಿನ ಚುಕ್ಕೆ. ಒಂದು ದೀಪವನ್ನು ಮರೆಮಾಡಿದರೆ ಅದರ ಚುಕ್ಕೆಯಷ್ಟೇ ಮಾಯ! ಅಂದರೆ ಬೆಳಕು ನೇರವಾಗಿ ಸಾಗುತ್ತದೆ, ಅಷ್ಟು ಕಿರಿದಾದ ಕಿಂಡಿಯಲ್ಲೂ ಒಂದರೊಡನೊಂದು ಕಲಸಿಹೋಗುವುದಿಲ್ಲ.

ಅವನ ‘ಕಿತಾಬ್ ಅಲ್-ಮನಾಝಿರ್’ ಗ್ರಂಥ ಲ್ಯಾಟಿನ್ನಿನ ಮೂಲಕ ಯುರೋಪು ಸೇರಿತು. ಕಣ್ಣೊಳಗೆ ಬಿಂಬ ತಲೆಕೆಳಗಾಗಿ ಮೂಡುವುದನ್ನು ಮಾತ್ರ ಅವನಿಗೂ ಒಪ್ಪಲಾಗಲಿಲ್ಲ. ಅದಕ್ಕೆ 1604ರಲ್ಲಿ ಖಗೋಳವಿಜ್ಞಾನಿ ಕೆಪ್ಲರ್ ಬರಬೇಕಾಯಿತು.